ಶವಪೆಟ್ಟಿಗೆಗಿಂತ ಮೊದಲು ಬಂದ ಕತ್ತಲು: ಫ್ಯಾಂಟಸಿ ಚಿತ್ರವನ್ನು ಓದುವ ಬಗೆ

1880ರಲ್ಲಿ ಸ್ವಿಸ್ ಚಿತ್ರಕಾರ ಆರ್ನಾಲ್ಡ್ ಬೋಕ್ಲಿನ್ ಫ್ಲಾರೆನ್ಸ್‌ನ ತನ್ನ ಸ್ಟುಡಿಯೊದಲ್ಲಿ ಒಂದು ದ್ವೀಪದ ಚಿತ್ರ ಬರೆಯುತ್ತಿದ್ದ. ಕಪ್ಪು ನೀರು, ನೀರಿನಿಂದ ನೆಟ್ಟಗೆ ಎದ್ದ ಬಂಡೆಗಳು, ಬಂಡೆಗಳ ನಡುವೆ ಒತ್ತೊತ್ತಾಗಿ ನಿಂತ ಸೈಪ್ರಸ್ ಮರಗಳು. ಚಿತ್ರ ಇನ್ನೂ ಮುಗಿದಿರಲಿಲ್ಲ. ಸ್ಟುಡಿಯೊಗೆ ಬಂದ ಮರೀ ಬೆರ್ನಾ ಎಂಬ ವಿಧವೆ ಅದನ್ನು ನೋಡಿ, ಕನಸು ಕಾಣಲು ತನಗೂ ಅಂಥದೊಂದು ಚಿತ್ರ ಬೇಕೆಂದಳು. ಅವಳಿಗಾಗಿ ಮಾಡಿದ ಚಿಕ್ಕ ಪ್ರತಿಯಲ್ಲಿ, ಅವಳೇ ಕೇಳಿಕೊಂಡಂತೆ, ದೋಣಿಯಲ್ಲಿ ಬಿಳಿ ಬಟ್ಟೆ ಹೊದಿಸಿದ ಶವಪೆಟ್ಟಿಗೆಯೂ ಬಿಳಿ ಮುಸುಕಿನ ಆಕೃತಿಯೂ ಸೇರಿಕೊಂಡವು. ಆಮೇಲೆ ಬೋಕ್ಲಿನ್ ಮೊದಲ ಚಿತ್ರಕ್ಕೂ ಅವನ್ನು ಸೇರಿಸಿದ. ಇನ್ನು 'ಸತ್ತವರ ದ್ವೀಪ' ಎಂಬ ಹೆಸರು 1883ರದು. ಅದನ್ನು ಇಟ್ಟವನು ಚಿತ್ರಕಾರನಲ್ಲ, ಚಿತ್ರಗಳ ವ್ಯಾಪಾರಿ ಫ್ರಿಟ್ಸ್ ಗುರ್ಲಿಟ್.

ಅಂದರೆ ಇಲ್ಲಿ ಮೊದಲು ಹುಟ್ಟಿದ್ದು ಭಾವ, ಆಮೇಲೆ ಬಂದದ್ದು ಸಂಕೇತ, ಎಲ್ಲಕ್ಕೂ ಕೊನೆಗೆ ಅಂಟಿಕೊಂಡದ್ದು ಹೆಸರು. ನೋಡುವವರು ಹಿಡಿಯುವುದು ಇದರ ಉಲ್ಟಾ ದಾರಿ. ಹೆಸರು ಓದುತ್ತಾರೆ, ಶವಪೆಟ್ಟಿಗೆ ಹುಡುಕುತ್ತಾರೆ, 'ಓ, ಸಾವಿನ ಚಿತ್ರ' ಎಂದು ಪಕ್ಕದ ಚಿತ್ರಕ್ಕೆ ಸರಿಯುತ್ತಾರೆ. ಡ್ರ್ಯಾಗನ್ನು, ದೆವ್ವ, ತೇಲುವ ಕೋಟೆ ತುಂಬಿದ ಫ್ಯಾಂಟಸಿ ಚಿತ್ರಗಳ ಮುಂದೆ ಈ ಅವಸರ ಇನ್ನೂ ಹೆಚ್ಚು, ಯಾಕೆಂದರೆ ಅಲ್ಲಿರುವ ಪ್ರತಿ ವಸ್ತುವೂ ತನ್ನ ಅರ್ಥ ಕೇಳಿ ಎಂದು ಕೈಬೀಸುತ್ತಿರುತ್ತದೆ. ಎಲ್ಲ ಚಿತ್ರಗಳೂ ಬೋಕ್ಲಿನ್‌ನ ದ್ವೀಪದ ಹಾಗೆ ಹುಟ್ಟುವುದಿಲ್ಲ, ನಿಜ. ಆದರೂ ಓದುವುದಕ್ಕೆ ಆ ಕ್ರಮವೇ ವಾಸಿ: ಮೊದಲು ಭಾವ, ಆಮೇಲೆ ವಸ್ತು, ಹೆಸರು ಕೊನೆಗೆ.

ಮೊದಲ ಎರಡು ನಿಮಿಷ

ಎರಡು ನಿಮಿಷದ ಮಟ್ಟಿಗೆ ಚಿತ್ರದಲ್ಲಿರುವ ಯಾವುದಕ್ಕೂ ಹೆಸರಿಡಬೇಡಿ. ಕಣ್ಣನ್ನು ಅರೆಮುಚ್ಚಿ ನೋಡಿ. ಎಲೆ, ಮುಖ, ಕೆತ್ತನೆ ಎಲ್ಲ ಕರಗಿ ನಾಲ್ಕೈದು ಮಚ್ಚೆಗಳು ಉಳಿಯುತ್ತವೆ. ಚಿತ್ರದ ಅಸ್ಥಿಪಂಜರ ಅದೇ. ಅರೆಗಣ್ಣಿನ ಅಭ್ಯಾಸ ಇಲ್ಲದಿದ್ದರೆ ಫೋನಿನಲ್ಲಿ ಫೋಟೊ ತೆಗೆದು ಬಣ್ಣ ಪೂರ್ತಿ ತೆಗೆದುಹಾಕಿ, ಕಪ್ಪುಬಿಳುಪು ಮಾಡಿ, ಹೆಬ್ಬೆಟ್ಟಿನಷ್ಟು ಚಿಕ್ಕದಾಗಿಸಿ ನೋಡಿ. ಆಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಒಟ್ಟು ಜಾಗದಲ್ಲಿ ಕಪ್ಪಿಗೆ ಎಷ್ಟು ಪಾಲು? ಅತಿ ಕಪ್ಪೂ ಅತಿ ಬಿಳುಪೂ ಒಂದಕ್ಕೊಂದು ತಾಗುವುದು ಎಲ್ಲಿ? ಆ ತಾಗುವ ಜಾಗದಿಂದ ಕಣ್ಣು ಮುಂದೆ ಎತ್ತ ಹೊರಡುತ್ತದೆ?

ಬೋಕ್ಲಿನ್‌ನ ದ್ವೀಪಕ್ಕೆ ಈ ಪ್ರಶ್ನೆಗಳನ್ನು ಹಾಕಿ ನೋಡೋಣ. ಸಾಮಾನ್ಯವಾಗಿ ಚಿತ್ರಕಾರರು ನಡುವಿನಲ್ಲಿ ಬೆಳಕು ಇಡುತ್ತಾರೆ. ಇಲ್ಲಿ ನಟ್ಟನಡುವೆ ಇರುವುದು ಮರಗಳ ಕಪ್ಪು, ಅಂದರೆ ಒಂದು ರಂಧ್ರ. ಎರಡೂ ಬದಿಯ ಬಂಡೆಗಳು ಚಾಚಿದ ತೋಳಿನಂತೆ ಅದನ್ನು ಸುತ್ತುವರಿದಿವೆ. ಮುನ್ನೆಲೆಯಲ್ಲಿ ಬೆರಳುದ್ದದ ಬಿಳಿ ಆಕೃತಿ. ಕಪ್ಪುಬಿಳುಪು ತಾಗುವುದು ಅಲ್ಲೇ, ಹಾಗಾಗಿ ಕಣ್ಣು ಮೊದಲು ಅಲ್ಲಿಗೆ ಬೀಳುತ್ತದೆ. ಆ ಆಕೃತಿ ನಮಗೆ ಬೆನ್ನು ಹಾಕಿ ದ್ವೀಪದತ್ತ ಮುಖ ಮಾಡಿ ನಿಂತಿದೆ, ಆದ್ದರಿಂದ ಕಣ್ಣೂ ಅದರ ಜೊತೆಗೆ ಒಳಗೆ ಹೋಗುತ್ತದೆ. ಹೋದಮೇಲೆ ಹೊರಬರುವ ದಾರಿಯನ್ನು ಚಿತ್ರಕಾರ ಕೊಟ್ಟಿಲ್ಲ. ನೀರು ಅಡ್ಡಗೆರೆ, ಮರ ಲಂಬಗೆರೆ. ಚಲನೆ ಹುಟ್ಟಿಸುವ ಓರೆಗೆರೆಗಳು ಬಲು ಕಡಿಮೆ. ಅಲೆ ಇಲ್ಲ. ಎಡಬಲ ಹೆಚ್ಚುಕಡಿಮೆ ಸಮ. ಬಾಗಿಲು ಬಡಿದರೆ ಬೆಚ್ಚಿಬೀಳುವಷ್ಟು ನಿಶ್ಶಬ್ದ ಈ ಚಿತ್ರದಲ್ಲಿರಬೇಕು ಎಂಬರ್ಥದ ಮಾತನ್ನು ಬೋಕ್ಲಿನ್ ಆಡಿದ್ದ. ಆ ನಿಶ್ಶಬ್ದ ಎಲ್ಲಿಂದ ಬಂತು ಎಂದು ಈಗ ಬೆರಳಿಟ್ಟು ತೋರಿಸಬಹುದು. ಶವಪೆಟ್ಟಿಗೆಯ ಸುದ್ದಿಯನ್ನು ನಾವು ಇನ್ನೂ ಎತ್ತಿಯೇ ಇಲ್ಲ.

ಬೋಕ್ಲಿನ್ ಈ ಚಿತ್ರವನ್ನು 1880ರಿಂದ 1886ರ ನಡುವೆ ಐದು ಸಲ ಬರೆದ. ಇದು ಓದುಗರಿಗೆ ಸಿಕ್ಕ ಭಾಗ್ಯ, ಯಾಕೆಂದರೆ ವಸ್ತುಗಳು ಅವೇ ಇದ್ದು ಭಾವ ಮಾತ್ರ ಬದಲಾದರೆ ಏನಾಗುತ್ತದೆ ಎಂಬ ಪ್ರಯೋಗವನ್ನು ಅವನೇ ಮಾಡಿಟ್ಟಿದ್ದಾನೆ. ಬಾಸೆಲ್‌ನಲ್ಲಿರುವ ಮೊದಲನೆಯದರಲ್ಲಿ (111 × 155 ಸೆಂ.ಮೀ.) ಆಕಾಶಕ್ಕೆ ಕತ್ತಲು ಕವಿದಿದೆ. ಬರ್ಲಿನ್‌ನಲ್ಲಿರುವ 1883ರ ಮೂರನೆಯದರಲ್ಲಿ (80 × 150 ಸೆಂ.ಮೀ.) ಆಕಾಶ ತಿಳಿಯಾಗಿದೆ, ಬಂಡೆಗಳ ಮೈ ಸ್ಪಷ್ಟವಾಗಿ ಕಾಣುತ್ತದೆ. ಅದೇ ದೋಣಿ, ಅದೇ ಮರ, ಅದೇ ಪೆಟ್ಟಿಗೆ. ಮೊದಲನೆಯದರಲ್ಲಿ ದ್ವೀಪ ಕತ್ತಲಿನ ಒಂದು ಭಾಗ. ಮೂರನೆಯದರಲ್ಲಿ ಕತ್ತಲೇ ದ್ವೀಪದ ಒಳಗೆ ಸಿಕ್ಕಿಕೊಂಡಿದೆ, ಸುತ್ತಲಿನ ಜಗತ್ತಿಗೆ ಬೆಳಕಿದೆ. ಮೊದಲನೆಯದು ಮುಳುಗಿಸುತ್ತದೆ, ಮೂರನೆಯದು ದೂರ ನಿಲ್ಲಿಸಿ ತೋರಿಸುತ್ತದೆ. ಸಂಕೇತಗಳ ಪಟ್ಟಿ ಮಾಡುವವರಿಗೆ ಇವೆರಡೂ ಒಂದೇ ಚಿತ್ರ.

ಕಪ್ಪುಬಿಳುಪಿನ ಬಲ ಎಷ್ಟೆಂಬುದಕ್ಕೆ ಇನ್ನೊಂದು ಸಾಕ್ಷಿ ಸಂಗೀತದ ಕಡೆಯಿಂದ ಇದೆ. ರಷ್ಯದ ಸಂಗೀತಕಾರ ರಾಖ್ಮಾನಿನೊಫ್ ಈ ಚಿತ್ರದ ಮೇಲೆ ವಾದ್ಯವೃಂದದ ಕೃತಿ ರಚಿಸಿದ. ಅವನು ಮೊದಲು ಕಂಡದ್ದು ಕಪ್ಪುಬಿಳುಪಿನ ಮುದ್ರಿತ ಪ್ರತಿ. ಮುಂದೆ ಬಣ್ಣದ ಮೂಲ ಕಂಡಾಗ ಅದು ಅವನನ್ನು ಅಷ್ಟಾಗಿ ಮುಟ್ಟಲಿಲ್ಲ.

ಬೆಳಕು, ಅಂಚು, ಅಳತೆ

ಬಣ್ಣಕ್ಕೆ ಬರುವಾಗ 'ನೀಲಿ ಎಂದರೆ ದುಃಖ' ಎಂಬ ಕೋಷ್ಟಕವನ್ನು ಮರೆತುಬಿಡಿ. ಒಂಟಿ ಬಣ್ಣಕ್ಕೆ ಭಾವವಿಲ್ಲ. ಪಕ್ಕದ ಬಣ್ಣದ ಜೊತೆಗಿನ ಸಂಬಂಧಕ್ಕೆ ಇದೆ. ಕೇಳಬೇಕಾದದ್ದು ಬಿಸಿ ಬಣ್ಣ ಎಷ್ಟು, ತಂಪು ಬಣ್ಣ ಎಷ್ಟು, ಯಾವುದು ಯಾವುದನ್ನು ಸುತ್ತುವರಿದಿದೆ ಎಂದು. ಅದರ ಜೊತೆಗೆ ಬೆಳಕಿನ ಮೂಲಗಳನ್ನು ಎಣಿಸಿ. ಸೂರ್ಯ, ಚಂದ್ರ, ದೀಪ, ಬೆಂಕಿಯಂಥ ಕಾಣುವ ಮೂಲ ಒಂದು ಬಗೆ. ವಸ್ತುವೇ ಹೊಳೆಯುವುದು ಇನ್ನೊಂದು ಬಗೆ, ಫ್ಯಾಂಟಸಿಯ ಖಾಸಗಿ ಸೊತ್ತು. ನೆರಳುಗಳು ಬೀಳುವ ದಿಕ್ಕಿಗೆ ಬೆರಳು ಹಿಡಿದು ಹಿಂದಕ್ಕೆ ಹೋದರೆ ಮೂಲ ಸಿಗಬೇಕು. ಸಿಗದಿದ್ದರೆ ಎರಡು ಸಾಧ್ಯತೆ: ಚಿತ್ರಕಾರ ಎಡವಿದ್ದಾನೆ, ಇಲ್ಲವೇ ಬೇಕೆಂದೇ ಹಾಗೆ ಮಾಡಿದ್ದಾನೆ. ತಪ್ಪಿದ ನೆರಳು ಒಂದೇ ಕಡೆ ಇದ್ದರೆ ಮೊದಲನೆಯದರ ಸಂಭವ ಹೆಚ್ಚು. ಒಂದು ಪಾತ್ರಕ್ಕೆ ಮಾತ್ರ ನೆರಳೇ ಇಲ್ಲದಿದ್ದರೆ ಎರಡನೆಯದರದು. ಕೆಳಗಿನಿಂದ ಬಿದ್ದ ಬೆಳಕು ಮುಖವನ್ನು ಅಪರಿಚಿತ ಮಾಡುತ್ತದೆ. ನಾವು ಮುಖಗಳನ್ನು ಮೇಲಿನಿಂದ ಬೀಳುವ ಬೆಳಕಿನಲ್ಲೇ ನೋಡಿ ರೂಢಿಯಾದವರು, ಗುರುತಿನ ನೆರಳುಗಳೆಲ್ಲ ಆಗ ತಲೆಕೆಳಗಾಗುತ್ತವೆ.

ಅಂಚುಗಳ ಕಡೆಗೆ ಜನ ಗಮನ ಕೊಡುವುದೇ ಇಲ್ಲ. ಭಯದ ಬಹುಪಾಲು ಇರುವುದು ಅಲ್ಲೇ. ಕೂರಾದ ಅಂಚಿನ ಡ್ರ್ಯಾಗನ್ ಎಷ್ಟೇ ಹಲ್ಲು ತೋರಿಸಿದರೂ ಅದರ ಗಾತ್ರ ನಮಗೆ ಗೊತ್ತಾಗಿಬಿಡುತ್ತದೆ. ಮಂಜಿನಲ್ಲಿ ಬಾಲದ ಕಡೆ ಅಂಚು ಕರಗಿಹೋದ ಡ್ರ್ಯಾಗನ್ ಎಲ್ಲಿ ಮುಗಿಯುತ್ತದೆಂದು ಕಣ್ಣಿಗೆ ತಿಳಿಯುವುದಿಲ್ಲ, ಮನಸ್ಸು ಅದನ್ನು ಬೆಳೆಸುತ್ತ ಹೋಗುತ್ತದೆ. ದೂರದ ವಸ್ತುಗಳು ಮಸುಕಾಗಿ, ನೀಲಿಗಟ್ಟಿ, ಕಪ್ಪುಬಿಳುಪಿನ ವ್ಯತ್ಯಾಸ ಕಳೆದುಕೊಂಡು ಕಾಣುವುದು ಗಾಳಿಯ ಗುಣ. ಈ ನಿಯಮವನ್ನು ಒಂದೇ ಒಂದು ವಸ್ತು ಮುರಿದಿದ್ದರೆ, ಅಂದರೆ ದೂರದಲ್ಲಿದ್ದೂ ಕಪ್ಪಗೆ ಕೂರಾಗಿ ಕಂಡರೆ, ಆ ವಸ್ತುವಿನ ಪಕ್ಕ ಒಂದು ಗುರುತು ಹಾಕಿಕೊಳ್ಳಿ. ಅದು ಚಿತ್ರದೊಳಗೆ ಮುಂದೆ ನುಗ್ಗಿ ಬರುತ್ತಿದೆ.

ಅಳತೆಯನ್ನು ಸ್ಕೇಲ್ ಹಿಡಿದೇ ನೋಡಬಹುದು. ಮನುಷ್ಯಾಕೃತಿಯ ಎತ್ತರ ಚಿತ್ರದ ಎತ್ತರದ ಎಷ್ಟನೇ ಒಂದು ಪಾಲು? ಕ್ಯಾಸ್ಪರ್ ಡೇವಿಡ್ ಫ್ರೀಡ್ರಿಖ್ 1818ರ ಸುಮಾರಿಗೆ ಬರೆದ, ಮಂಜಿನ ಕಡಲಿನೆದುರು ಬೆನ್ನು ತೋರಿಸಿ ನಿಂತವನ ಚಿತ್ರದಲ್ಲಿ ಮನುಷ್ಯ ನಟ್ಟನಡುವೆ ದೊಡ್ಡದಾಗಿ ನಿಂತಿದ್ದಾನೆ, ಮಂಜಿನ ಕಡಲೇ ಅವನ ಕಾಲಕೆಳಗಿದೆ. ಈಗಿನ ಡಿಜಿಟಲ್ ಫ್ಯಾಂಟಸಿ ದೃಶ್ಯಗಳಲ್ಲಿ ಅದೇ ಬೆನ್ನು ತಿರುಗಿಸಿದ ಆಕೃತಿ ಇಪ್ಪತ್ತನೇ ಒಂದು ಪಾಲಿಗೆ ಕುಗ್ಗಿರುತ್ತದೆ. ಭಂಗಿ ಒಂದೇ, ಅಲ್ಲಿ ಜಗತ್ತನ್ನು ಅಳೆಯುವವನು, ಇಲ್ಲಿ ಜಗತ್ತಿನ ಅಳತೆ ತಿಳಿಯಲು ಇಟ್ಟ ಅಳತೆಗೋಲು. ಹೀಗೆ ಬರೆಯಲಾದ ನೂರಾರು ಚಿತ್ರಗಳಲ್ಲಿ ಆ ಪುಟ್ಟ ಆಕೃತಿಗೆ ಇನ್ನಾವ ಅರ್ಥವೂ ಇರುವುದಿಲ್ಲ. ಏಕಾಂತ, ಅನ್ವೇಷಣೆ ಎಂದೆಲ್ಲ ಬರೆಯುವ ಮೊದಲು ಈ ಅನುಮಾನ ಇರಲಿ.

ಒಂದು ದೀಪ ಜಾಗ ಬದಲಿಸಿದರೆ

ಇಂಥದೇ ಒಂದು ಚಿತ್ರವನ್ನು ಊಹಿಸಿಕೊಳ್ಳಿ. ಪಾಳುಬಿದ್ದ ಬೃಹತ್ ಗೋಪುರ, ನೀಲಿ ಮಂಜು, ಕೆಳಗೆ ಮುಸುಕು ಹೊದ್ದ ಪುಟ್ಟ ಆಕೃತಿ. ನೂರರಲ್ಲಿ ತೊಂಬತ್ತು ಪಾಲು ತಂಪು ಬಣ್ಣ. ಗೋಪುರದ ತುದಿಯ ಒಂದೇ ಕಿಟಕಿಯಲ್ಲಿ ಕಿತ್ತಳೆ ಬೆಳಕು.

ಇಲ್ಲಿ ಬೆಚ್ಚಗಿರುವುದು ಆಚೆ, ಮೇಲೆ. ಆಕೃತಿಗೆ ಅದು ಇನ್ನೂ ಸಿಕ್ಕಿಲ್ಲ. ಕಣ್ಣು ಕೆಳಗಿನಿಂದ ಮೇಲಕ್ಕೆ ಹತ್ತುತ್ತದೆ, ಚಿತ್ರದ ಭಾವ ಹಂಬಲ. ಈಗ ಬೇರೇನೂ ಮುಟ್ಟದೆ ಆ ಕಿತ್ತಳೆ ಚುಕ್ಕೆಯನ್ನು ಕಿಟಕಿಯಿಂದ ತೆಗೆದು ಆಕೃತಿಯ ಕೈಯಲ್ಲಿ ಲಾಟೀನಾಗಿ ಇಡಿ. ಗೋಪುರ ಸತ್ತುಹೋಯಿತು. ಉಳಿದ ಒಂದೇ ಬೆಳಕನ್ನು ಈತ ಹೊತ್ತು ಒಳಗೆ ಹೋಗುತ್ತಿದ್ದಾನೆ. ಹಂಬಲದ ಜಾಗಕ್ಕೆ ಹೊಣೆ ಬಂತು, ಜೊತೆಗೆ ಅಪಾಯವೂ. ಮೂರನೇ ಸಲ ಚುಕ್ಕೆಯನ್ನು ಆಕೃತಿಯ ಬೆನ್ನ ಹಿಂದೆ, ಅವನು ಬಂದ ದಾರಿಯಲ್ಲಿ ಇಡಿ. ಅವನು ಏನನ್ನೋ ಬಿಟ್ಟುಬಂದಿದ್ದಾನೆ, ಅಥವಾ ಯಾರೋ ಬೆನ್ನು ಹತ್ತಿದ್ದಾರೆ. ಯಾವುದೆಂದು ನಿರ್ಧರಿಸಲು ಅವನ ಭುಜ, ಹೆಜ್ಜೆಯ ಅಗಲ, ಬಟ್ಟೆ ಹಾರುವ ದಿಕ್ಕು ನೋಡಬೇಕಾಗುತ್ತದೆ.

ದೀಪ ಎಂದರೆ ಜ್ಞಾನ ಅಥವಾ ಭರವಸೆ ಎಂದು ಸಂಕೇತ ಕೋಶ ಮೂರೂ ಸಲ ಒಂದೇ ಉತ್ತರ ಕೊಡುತ್ತದೆ. ಮೂರೂ ಸಲ ಅದು ಅರ್ಧ ತಪ್ಪು. ಮುಂದಿನ ಸಲ ಯಾವುದೇ ಚಿತ್ರ ಸಿಕ್ಕಾಗ ಮುಖ್ಯ ವಸ್ತುವನ್ನು ಮನಸ್ಸಿನಲ್ಲೇ ಹೀಗೆ ಎರಡು ಕಡೆ ಸರಿಸಿ ನೋಡುವುದು ಒಳ್ಳೆಯ ಕಸರತ್ತು. ಚಿತ್ರವನ್ನು ಎಡಬಲ ತಿರುಗಿಸಿ ನೋಡುವುದೂ ಅಷ್ಟೇ: ಎಡದಿಂದ ಬಲಕ್ಕೆ ಓದುವವರಿಗೆ ಬಲಕ್ಕೆ ನಡೆಯುವವನು ಹೊರಟವನಂತೆ, ಎಡಕ್ಕೆ ನಡೆಯುವವನು ಮರಳುವವನಂತೆ ಕಾಣುವುದುಂಟು.

ಯಾವುದು ಸಂಕೇತ, ಯಾವುದು ಬರೀ ಸಾಮಾನು

ಇಷ್ಟಾದ ಮೇಲೆ ವಸ್ತುಗಳ ಪಟ್ಟಿ ಮಾಡಿ, ಕ್ರಿಯಾಪದದ ಸಮೇತ. 'ಗೂಬೆ' ಎಂದಷ್ಟೇ ಬರೆದರೆ ಸಾಲದು. 'ಕತ್ತಲ ತೂತಿನಿಂದ ಇಣುಕುವ ಗೂಬೆ' ಎಂದು ಬರೆಯಿರಿ. ಪಟ್ಟಿಯಲ್ಲಿರುವುದೆಲ್ಲ ಸಂಕೇತವಲ್ಲ. ಸೋಸಲು ಮೂರು ಜರಡಿ ಸಾಕು. ಚಿತ್ರಕಾರ ಅದಕ್ಕೆ ಬೆಲೆ ತೆತ್ತಿದ್ದಾನೆಯೇ, ಅಂದರೆ ಬೆಳಕು, ನಡುಜಾಗ, ಅಪರೂಪದ ಬಣ್ಣ, ಪುನರಾವರ್ತನೆ ಇವುಗಳಲ್ಲಿ ಒಂದನ್ನಾದರೂ ಅದಕ್ಕೆ ಕೊಟ್ಟಿದ್ದಾನೆಯೇ? ಹೆಬ್ಬೆರಳಿನಿಂದ ಅದನ್ನು ಮುಚ್ಚಿದರೆ ಚಿತ್ರದ ಕಥೆ ಕುಸಿಯುತ್ತದೆಯೇ? ನೀವು ಹೇಳುವ ಅರ್ಥ ಆ ಚಿತ್ರಕಾರನ ಕಾಲದಲ್ಲಿ, ನಾಡಿನಲ್ಲಿ ಚಾಲ್ತಿಯಲ್ಲಿತ್ತೇ?

ಮೂರನೇ ಜರಡಿಯಲ್ಲೇ ಹೆಚ್ಚು ಜನ ಸಿಕ್ಕಿಬೀಳುವುದು. ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿರುವ ಹಿರೋನಿಮಸ್ ಬಾಷ್‌ನ 'ಭೋಗಗಳ ಉದ್ಯಾನ' ಮೂರು ಹಲಗೆಗಳ ಚಿತ್ರ, 1490ರಿಂದ 1510ರ ನಡುವಿನದು. ಅದರ ಎಡ ಹಲಗೆಯಲ್ಲಿ ಸ್ವರ್ಗೋದ್ಯಾನದ ಕಾರಂಜಿ. ಕಾರಂಜಿಯ ಬುಡದ ದುಂಡು ತೂತಿನಲ್ಲಿ ಒಂದು ಗೂಬೆ. ಗ್ರೀಕರಲ್ಲಿ ಗೂಬೆ ಅಥೀನಾ ದೇವತೆಯ ಹಕ್ಕಿ, ಜ್ಞಾನದ ಗುರುತು. ಆ ಅರ್ಥ ತಂದು ಇಲ್ಲಿಟ್ಟರೆ 'ಸ್ವರ್ಗದ ನಡುವೆ ಜ್ಞಾನ' ಎಂಬ ಚೆಂದದ ವಾಕ್ಯ ಸಿಗುತ್ತದೆ. ಆದರೆ ಬಾಷ್‌ನ ಸುತ್ತಲಿನ ಜಗತ್ತಿನಲ್ಲಿ ಗೂಬೆ ಬೆಳಕಿಗೆ ಬೆನ್ನು ಹಾಕಿದ ಹಕ್ಕಿ, ಕೇಡು ಮತ್ತು ಮರುಳುತನದ ಜೊತೆ ಹೆಸರು ತಳಕು ಹಾಕಿಕೊಂಡದ್ದು. ಚಿತ್ರವೂ ಅದನ್ನೇ ಬೆಂಬಲಿಸುತ್ತದೆ: ಗೂಬೆ ಕೊಂಬೆಯ ಮೇಲೆ ಬೆಳಕಿನಲ್ಲಿ ಕೂತಿಲ್ಲ, ಕಪ್ಪು ತೂತಿನೊಳಗಿದೆ. ಕೇಡು ಸ್ವರ್ಗಕ್ಕೆ ಆಮೇಲೆ ಬಂದದ್ದಲ್ಲ, ಕಾರಂಜಿಯ ಬುಡದಲ್ಲೇ ಮೊದಲಿನಿಂದ ಕಾದಿತ್ತು ಎಂಬ ಓದು ಹೆಚ್ಚು ಗಟ್ಟಿ.

ಹೆನ್ರಿ ಫ್ಯೂಸ್ಲಿಯ 'ನೈಟ್‌ಮೇರ್' ಇನ್ನೂ ತಮಾಷೆಯ ಬಲೆ. 1781ರ ಈ ಚಿತ್ರ ಡೆಟ್ರಾಯ್ಟ್‌ನಲ್ಲಿದೆ. ಬಿಳಿ ಉಡುಪಿನ ಹೆಣ್ಣು ಮಂಚದ ಮೇಲೆ ತಲೆ ಕೆಳಕ್ಕೆ ಜೋತುಬಿಟ್ಟು ಮಲಗಿದ್ದಾಳೆ. ಎದೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತ ಕುಳ್ಳ ಪಿಶಾಚಿ ನಮ್ಮತ್ತ ನೋಡುತ್ತಿದೆ. ಪರದೆ ಸರಿಸಿ, ಗುಡ್ಡೆ ಕಾಣದ ಬಿಳಿಗಣ್ಣಿನ ಕುದುರೆಯೊಂದು ತಲೆ ತೂರಿಸಿದೆ. ಇಂಗ್ಲಿಷಿನಲ್ಲಿ 'ಮೇರ್' ಎಂದರೆ ಹೆಣ್ಣು ಕುದುರೆ, ಆದ್ದರಿಂದ ಕುದುರೆಯೇ ದುಃಸ್ವಪ್ನ ಎಂದು ಥಟ್ಟನೆ ಹೇಳಿಬಿಡುವವರು ಬಹಳ. ಆ ಪದದ 'ಮೇರ್' ಕುದುರೆಯೇ ಅಲ್ಲ. ಮಲಗಿದವರ ಎದೆಯ ಮೇಲೆ ಕೂತು ಉಸಿರು ಕಟ್ಟಿಸುವ 'ಮಾರಾ' ಎಂಬ ಪಿಶಾಚಿಯ ಹಳೆಯ ಹೆಸರು ಅದು. ಅಂದರೆ ಚಿತ್ರದಲ್ಲಿ ನಿಜವಾದ 'ಮೇರ್' ಎದೆಯ ಮೇಲಿನ ಕುಳ್ಳ. ಫ್ಯೂಸ್ಲಿಯ ಮೊದಲ ಕರಡಿನಲ್ಲಿ ಕುದುರೆ ಇರಲಿಲ್ಲ.

ಈಗ ಹೆಬ್ಬೆರಳಿನ ಪರೀಕ್ಷೆ. ಕುಳ್ಳನನ್ನು ಮುಚ್ಚಿದರೆ ಉಳಿಯುವುದು ಮೈಮರೆತು ಮಲಗಿದ ಹೆಣ್ಣು, ಕಥೆ ಕುಸಿಯಿತು. ಕುದುರೆಯನ್ನು ಮುಚ್ಚಿದರೆ ಕಥೆ ಹಾಗೇ ನಿಲ್ಲುತ್ತದೆ, ಆದರೆ ಕೋಣೆಯ ಉಸಿರುಗಟ್ಟು ಕಡಿಮೆಯಾಗುತ್ತದೆ, ಯಾಕೆಂದರೆ ಹಿಂದಿನ ಕತ್ತಲು ಮತ್ತೆ ಬರೀ ಪರದೆಯಾಗುತ್ತದೆ. ಕುಳ್ಳ ಭಾರ ಹೊರುವ ಸಂಕೇತ. ಕುದುರೆ ಭಾವಕ್ಕೆ ಬಂದದ್ದು, ಮಲಗಿದವಳನ್ನು ಕದ್ದು ನೋಡುವ ಇನ್ನೊಂದು ಕಣ್ಣು. ಆ ಸಾಲಿನಲ್ಲಿ ನೋಡುಗನೂ ಸೇರುತ್ತಾನೆ, ಅದು ಹಿತವಾದ ಅನುಭವವಲ್ಲ.

ಎಲ್ಲೆಲ್ಲಿ ಕೈಕೊಡುತ್ತದೆ

ಚಿತ್ರಕಾರನ ಬದುಕು ಅತಿ ಸುಲಭದ ಬೀಗದ ಕೈ, ಹಾಗಾಗಿ ಅತಿ ಅಪಾಯದ್ದು. ರಿಚರ್ಡ್ ಡ್ಯಾಡ್ 1843ರಲ್ಲಿ ತಂದೆಯನ್ನು ಕೊಂದು, ಮುಂದಿನ ಬದುಕನ್ನೆಲ್ಲ ಮಾನಸಿಕ ಆಸ್ಪತ್ರೆಗಳಲ್ಲಿ ಕಳೆದವನು. ಅಲ್ಲೇ 1855ರಿಂದ 1864ರವರೆಗೆ ಕುಳಿತು ಬರೆದ ಯಕ್ಷಲೋಕದ ಚಿತ್ರವೊಂದು ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅಳತೆ ಕೇವಲ 54 × 39.4 ಸೆಂ.ಮೀ. ಇದರ ಮುಂದೆ ನಿಂತವರು 'ಹುಚ್ಚಿನ ಜಗತ್ತು' ಎಂದುಬಿಡುತ್ತಾರೆ. ಹೆಸರು ಮುಚ್ಚಿ ನೋಡಿ. ಹುಲ್ಲಿನ ಎಳೆಗಳು ಕಣ್ಣಿಗೆ ಅಡ್ಡ ಬರುತ್ತವೆ, ಅಂದರೆ ನಾವು ನೆಲಮಟ್ಟದಲ್ಲಿ ಬಗ್ಗಿ ಇಣುಕುತ್ತಿದ್ದೇವೆ. ಡೈಸಿ ಹೂಗಳ ಪಕ್ಕದಲ್ಲಿ ಪಾತ್ರಗಳನ್ನು ಅಳೆದರೆ ಅವು ಎಷ್ಟು ಪುಟ್ಟವೆಂದು ತಿಳಿಯುತ್ತದೆ. ನಡುವೆ ಒಬ್ಬ ಕೊಡಲಿ ಎತ್ತಿದ್ದಾನೆ, ಕೆಳಗಿನ ಕಾಯನ್ನು ಒಡೆಯಬೇಕು, ಕೊಡಲಿ ಇನ್ನೂ ಬಿದ್ದಿಲ್ಲ, ಸುತ್ತಲಿನ ಗುಂಪು ಕಾದಿದೆ. ಹುಚ್ಚಿನ ಕೆದರಿಕೆ ಎಲ್ಲಿದೆ? ಇರುವುದು ಬಿಗಿಹಿಡಿದ ಉಸಿರು, ಅಸಾಧ್ಯ ತಾಳ್ಮೆಯ ಕೈಕೆಲಸ. ಡ್ಯಾಡ್ ಆಮೇಲೆ ಒಂದೊಂದು ಪಾತ್ರವನ್ನೂ ವಿವರಿಸುವ ಉದ್ದನೆಯ ಪದ್ಯವನ್ನೇ ಬರೆದ. ಅದನ್ನು ಓದಿದರೆ ಪಾತ್ರಗಳ ಹೆಸರು ಸಿಗುತ್ತದೆ. ಆ ಬಿಗಿ ಎಲ್ಲಿಂದ ಬಂತೆಂದು ತಿಳಿಯಲು ಚಿತ್ರಕ್ಕೇ ಮರಳಬೇಕು.

ಬದುಕಿನ ವಿವರವನ್ನು ಬಿಸಾಡಬೇಕೆಂದಲ್ಲ. ಬೋಕ್ಲಿನ್‌ನ ಎಳೆಯ ಮಗಳು ಮರಿಯಾಳ ಸಮಾಧಿ ಇದ್ದದ್ದು ಅವನ ಸ್ಟುಡಿಯೊ ಹತ್ತಿರದ ಸ್ಮಶಾನದಲ್ಲಿ. ದ್ವೀಪಕ್ಕೂ ಆ ಸ್ಮಶಾನಕ್ಕೂ ನಂಟಿದೆ ಎಂಬ ಮಾತಿಗೆ ಆಧಾರ ಉಂಟು. ಇಂಥದ್ದನ್ನು ಚಿತ್ರದಲ್ಲಿ ಕಂಡದ್ದಕ್ಕೆ ಎರಡನೇ ಸಾಕ್ಷಿಯಾಗಿ ತನ್ನಿ, ಮೊದಲನೆಯದಾಗಿ ಬೇಡ.

ಪರದೆಯ ಮೇಲೆ ನೋಡುವವರಿಗೆ ಬೇರೆ ತಾಪತ್ರಯ. ಒಂದೇ ಚಿತ್ರದ ಎರಡು ಡಿಜಿಟಲ್ ಪ್ರತಿಗಳಲ್ಲಿ ಆಕಾಶ ಒಂದು ಕಡೆ ಹಸಿರು, ಇನ್ನೊಂದು ಕಡೆ ಬೂದು ಆಗಿರುವುದು ಸಾಮಾನ್ಯ. ಹಳೆಯ ವಾರ್ನಿಶ್ ಹಳದಿಗಟ್ಟಿ ತಂಪು ಬಣ್ಣಗಳೆಲ್ಲ ಬಿಸಿಯಾಗಿ ಕಾಣುವುದೂ ಉಂಟು. ಚಿತ್ರ ಇರುವ ಸಂಗ್ರಹಾಲಯದ ಸ್ವಂತ ಪ್ರತಿಯನ್ನು ಹುಡುಕಿ, ಫೋನಿನ ರಾತ್ರಿ ಮೋಡ್ ಆಫ್ ಮಾಡಿ, ಅಂಚು ಕತ್ತರಿಸಿಲ್ಲವೆಂದು ಸೆಂಟಿಮೀಟರ್ ಅಳತೆಯ ಅನುಪಾತದಿಂದ ಖಚಿತಪಡಿಸಿಕೊಳ್ಳಿ. 80 × 150 ಎಂದರೆ ಅಗಲ ಎತ್ತರದ ಎರಡರಷ್ಟಕ್ಕೆ ಸ್ವಲ್ಪ ಕಡಿಮೆ. ನಿಮ್ಮ ಮುಂದಿರುವುದು ಚೌಕದ ಹತ್ತಿರ ಇದ್ದರೆ ಯಾರೋ ನೀರನ್ನೋ ಬಂಡೆಯನ್ನೋ ಕತ್ತರಿಸಿದ್ದಾರೆ. ಯಂತ್ರ ರಚಿಸಿದ ಚಿತ್ರವಾದರೆ ಭಾವದ ಓದು ನಡೆಯುತ್ತದೆ, ಆದರೆ ಯಂತ್ರ ಎಡವಿ ಬರೆದ ಆರನೇ ಬೆರಳಿಗೆ ಅರ್ಥ ಹುಡುಕುತ್ತ ಕೂರುವುದು ವ್ಯರ್ಥ.

ಬರೆಯುವಾಗ ಪ್ರತಿ ವಾಕ್ಯದಲ್ಲೂ ಕಂಡದ್ದು, ಅದರಿಂದ ಆದದ್ದು, ಅದಕ್ಕೆ ಕೊಟ್ಟ ಅರ್ಥ ಈ ಮೂರೂ ಇದೆಯೇ ಎಂದು ನೋಡಿಕೊಳ್ಳಿ. 'ಸೈಪ್ರಸ್ ಮರಗಳು ಸಾವಿನ ಸಂಕೇತ' ಎಂಬುದು ಸುಳ್ಳಲ್ಲ. ಯುರೋಪಿನ ಸ್ಮಶಾನಗಳಲ್ಲಿ ಆ ಮರ ರೂಢಿಯದೇ. ಆದರೆ ಅದು ಮರದ ಬಗ್ಗೆ ಹೇಳಿತು, ಚಿತ್ರದ ಬಗ್ಗೆ ಹೇಳಲಿಲ್ಲ. ಹೀಗೆ ಬರೆದು ನೋಡಿ: 'ಚಿತ್ರದ ಅತಿ ಕಪ್ಪು ಭಾಗವಾದ ಸೈಪ್ರಸ್‌ಗಳು ದ್ವೀಪದ ನಡುವೆ ಬಾಗಿಲಿನಂತೆ ನಿಂತು, ಬಿಳಿ ಆಕೃತಿಯ ಬೆನ್ನು ಹಿಡಿದು ಹೋದ ಕಣ್ಣನ್ನು ಒಳಗೆಳೆದು ಅಲ್ಲೇ ನಿಲ್ಲಿಸುತ್ತವೆ, ಸ್ಮಶಾನದ ಮರ ಎಂಬ ರೂಢಿಯ ಅರ್ಥ ಇಲ್ಲಿ ಮರಳಿ ಬಾರದ ಪ್ರವೇಶ ಎಂದು ಬಿಗಿಯಾಗುತ್ತದೆ.' ಒಪ್ಪದವರು ಚಿತ್ರದ ಯಾವ ಜಾಗಕ್ಕೆ ಬೆರಳಿಟ್ಟು ವಾದಿಸಬೇಕು ಎಂಬುದು ಈ ವಾಕ್ಯದಲ್ಲಿ ಗೊತ್ತಾಗುತ್ತದೆ.

ಐದು ದ್ವೀಪಗಳಲ್ಲಿ ನಾಲ್ಕು ಉಳಿದಿವೆ: ಬಾಸೆಲ್, ನ್ಯೂಯಾರ್ಕ್, ಬರ್ಲಿನ್, ಲೈಪ್‌ಜಿಗ್‌ಗಳಲ್ಲಿ. 1884ರ ನಾಲ್ಕನೆಯದನ್ನು ತಾಮ್ರದ ತಗಡಿನ ಮೇಲೆ ಬರೆಯಲಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಅದು ನಾಶವಾಯಿತು, ಈಗಿರುವುದು ಒಂದು ಕಪ್ಪುಬಿಳುಪು ಫೋಟೊ. ಅದರ ಮಚ್ಚೆಗಳನ್ನು ಎಣಿಸಬಹುದು, ಕಣ್ಣಿನ ದಾರಿ ಗುರುತಿಸಬಹುದು, ಉಳಿದ ನಾಲ್ಕರ ಪಕ್ಕದಲ್ಲಿಟ್ಟು ತೂಗಬಹುದು. ಬಣ್ಣದ ಬಗ್ಗೆ ಬರೆಯಲು ಅಲ್ಲಿ ಏನೂ ಉಳಿದಿಲ್ಲ.